‘ಎಲ್ಲ ಮನಸ್ಸಿಂದು’ ಅಂದರೆ ಮೈಗೆ ಏನೂ ಆಗಿಲ್ಲವಾ?

ಪ್ರಶ್ನೆ: ನಮ್ಮ ಮನೆಯವರು ಕಾರ್ಗಿಲ್ ಯುದ್ಧದಲ್ಲಿದ್ದರು. ಈಗ ಹೊಳಲ್ಕೆರೆ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಪಿಟಿಎಸ್‌ಡಿ (ಭಯಾನಕ ಘಟನೆ ಕಂಡವರ ಮನಸ್ಸನ್ನು ಆಮೇಲೂ ಬಿಡದೆ ಕಾಡುವ ಕಾಯಿಲೆ) ಇದೆ ಅಂತ ಡಾಕ್ಟರು ಹೇಳಿದ್ದಾರೆ. ಜೊತೆಗೆ ಬಿಪಿ, ಎದೆ ಡವಡವ, ಹೊಟ್ಟೆ ಉಬ್ಬರ. ‘ಎಲ್ಲ ಮನಸ್ಸಿಂದು, ಗಟ್ಟಿ ಮಾಡ್ಕೊಂಡ್ರೆ ಸರಿಹೋಗುತ್ತೆ’ ಅಂತಾರೆ ಜನ. ಹೌದಾ?

ಉತ್ತರ: ಅಲ್ಲಮ್ಮಾ. ಈ ಮಾತಿಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳಿದ ನಿಮ್ಮ ಮೇಲೆ ಬೇಸರವಿಲ್ಲ. ಹಾಗೆ ಹೇಳಿ ಕಳಿಸುವವರ ಮೇಲೆ ಇದೆ.

ಮನಸ್ಸು ಹೆದರಿದಾಗ ಮೈ ಸುಮ್ನೆ ಕೂತಿರುತ್ತಾ? ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಹೊಟ್ಟೆಯ ಕೆಲಸ ಹದ ತಪ್ಪುತ್ತದೆ. ಗುಂಡು ಹಾರುವ ಜಾಗದಲ್ಲಿ ಇದೇ ಜೀವ ಉಳಿಸುತ್ತದೆ. ಪಿಟಿಎಸ್‌ಡಿ ಇದ್ದವರಿಗೆ ದೀಪಾವಳಿ ಪಟಾಕಿಗೂ, ಕೆಟ್ಟ ಕನಸಿಗೂ ಅದೆಲ್ಲ ಮತ್ತೆ ಶುರುವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯ, ರಕ್ತನಾಳ ಹೇಗೆ ತಡೆದಾವು?

ಇದು ಹೊಸ ವಿಷಯವೂ ಅಲ್ಲ. 1871ರಲ್ಲೇ ಜೇಕಬ್ ಡಾ ಕೋಸ್ಟಾ ಎಂಬ ಅಮೆರಿಕದ ವೈದ್ಯರು ಅಲ್ಲಿನ ಅಂತರ್ಯುದ್ಧದ ಸೈನಿಕರ ಎದೆಬಡಿತ, ಎದೆನೋವು, ಏದುಸಿರಿನ ಬಗ್ಗೆ ಬರೆದಿದ್ದರು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕಾಯಿಲೆಗಳ ಪಟ್ಟಿಗೆ ಸೇರಿದ್ದು 1980ರಲ್ಲಿ.

‘ಹೃದಯದ ಕಾಯಿಲೆ ವಂಶದಿಂದ ಬಂದಿದ್ದು, ಬೀಡಿ-ಕುಡಿತದಿಂದ ಬಂದಿದ್ದು’ ಅನ್ನುವವರೂ ಇದ್ದಾರೆ. ಅವರಿಗಾಗಿ ಇದು: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಅವಳಿ ಸೋದರರನ್ನು ಸಂಶೋಧಕರು ವರ್ಷಗಳ ಕಾಲ ಗಮನಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಟಿಎಸ್‌ಡಿ ಇದ್ದವರಲ್ಲಿ ಶೇ. 22.6 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಬಂತು. ಇಲ್ಲದವರಲ್ಲಿ ಶೇ. 8.9. ಒಂದೇ ಮನೆಯಲ್ಲಿ ಬೆಳೆದು, ಒಬ್ಬರಿಗೆ ಮಾತ್ರ ಪಿಟಿಎಸ್‌ಡಿ ಇದ್ದ ಅವಳಿಗಳನ್ನು ಹೋಲಿಸಿದಾಗಲೂ, ಸಿಗರೇಟು-ಕುಡಿತದ ಲೆಕ್ಕ ಹಿಡಿದಾಗಲೂ ಅಪಾಯ ಜಾಸ್ತಿಯೇ ಇತ್ತು. ಮನಸ್ಸು ಗಟ್ಟಿ ಮಾಡಿಕೊಂಡರೆ ರಕ್ತನಾಳ ಸರಿಹೋಗಲ್ಲ.

ಹಾಗಾಗಿ ಬಿಪಿ ಮಾತ್ರೆ ಬಿಡಿಸಬೇಡಿ. ಬಿಪಿ ನೋಡುವ ಡಾಕ್ಟರಿಗೂ ಪಿಟಿಎಸ್‌ಡಿ ವಿಷಯ ಹೇಳಿ. ಎದೆನೋವು ಬಂದರೆ ‘ಗಾಬರಿ ಇರಬೇಕು’ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಬಳಸಿ. ಮನಸ್ಸಿನ ಚಿಕಿತ್ಸೆಯೂ ಬೇಕೇ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಜೋರು ಗೊರಕೆ ಇದೆಯಾ? ನಡುವೆ ಉಸಿರು ನಿಂತಂತಾಗುತ್ತದಾ? ಪಿಟಿಎಸ್‌ಡಿ ಇದ್ದವರಲ್ಲಿ ಇದು ತುಂಬಾ ಕಾಣಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ. ಡಾಕ್ಟರಿಗೆ ತಿಳಿಸಿ. ಮಲಗುವ ಮುಂಚಿನ ಮಿಲಿಟರಿ ಕ್ಯಾಂಟೀನ್ ರಮ್ಮು ಇದನ್ನು ಇನ್ನೂ ಕೆಡಿಸುತ್ತದೆ. ಮತ್ತೆ, ಕನಸಲ್ಲಿ ಕೂಗಿಕೊಂಡಾಗ ಭುಜ ಹಿಡಿದು ಅಲುಗಿಸಬೇಡಿ. ಸ್ವಲ್ಪ ದೂರ ನಿಂತು ದೀಪ ಹಾಕಿ, ಮೆಲ್ಲಗೆ ಮಾತಾಡಿಸಿ ಎಬ್ಬಿಸಿ. ಮನೆಯಲ್ಲೇ ಇದ್ದೀರಿ ಅಂತ ಹೇಳಿ.