ಲಾ ಗ್ರೋಫೆಸಾಂಕ್‌ನ ಆವಿಗೆಗಳು: ಗೂಡು, ಲೆಕ್ಕದ ತಟ್ಟೆ, ತಿಪ್ಪೆಗುಂಡಿ

ದಕ್ಷಿಣ ಫ್ರಾನ್ಸಿನ ಮಿಯೋ ಪಟ್ಟಣದ ಬಳಿ, ತಾರ್ನ್ ಮತ್ತು ದೂರ್ಬಿ ನದಿಗಳು ಕೂಡುವಲ್ಲಿ, ಲಾ ಗ್ರೋಫೆಸಾಂಕ್ ಎಂಬ ಉತ್ಖನನ ನೆಲೆಯಿದೆ. ಕ್ರಿ.ಶ. 1ನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯದ ಪಶ್ಚಿಮ ಪ್ರಾಂತಗಳಿಗೆ ಟೆರ್ರಾ ಸಿಗಿಲಾಟಾ ಎಂಬ ಹೊಳಪಿನ ಕೆಂಪು ಊಟದ ಪಾತ್ರೆಗಳನ್ನು ಒದಗಿಸಿದ ದೊಡ್ಡ ಕುಂಬಾರಗೇರಿ ಇದು. ನೋಡಲು ಹೋಗುವವರು ಅಲ್ಲಿ ಅಂದದ ಪಾತ್ರೆಗಳನ್ನು ನಿರೀಕ್ಷಿಸಬಾರದು; ಅವನ್ನು ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ನೆಲೆಯಲ್ಲಿರುವುದು ಗೋಡೆಗಳ ಬುಡ, ಕಾಲುವೆ, ಗುಡಿಯ ಅಡಿಪಾಯ ಮತ್ತು ಆವಿಗೆ. ಅಲ್ಲಿನ ದುಡಿಮೆಯ ವ್ಯವಸ್ಥೆಯನ್ನು ತಿಳಿಯಲು ಆವಿಗೆಯಿಂದಲೇ ಆರಂಭಿಸುವುದು ಒಳ್ಳೆಯದು.

ದೊಡ್ಡ ಆವಿಗೆ ಸುಮಾರು 11 ಮೀಟರ್ ಉದ್ದ, 7 ಮೀಟರ್ ಅಗಲವಿದೆ. ಕೆಳಗೆ ಸೌದೆ ಉರಿಸುವ ಕೋಣೆ, ಅದರ ಮೇಲೆ ತೂತುಗಳಿರುವ ನೆಲ, ಅದರ ಮೇಲೆ ಪಾತ್ರೆಗಳನ್ನು ಪೇರಿಸುವ ಕೋಣೆ. ನಮ್ಮ ಹಳ್ಳಿಗಳ ಬಯಲು ಆವಿಗೆಯಲ್ಲಿ ಮಡಕೆಯೂ ಸೌದೆಯೂ ಒಟ್ಟಿಗೇ ಇರುವುದರಿಂದ ಹೊಗೆ ತಗುಲಿದ ಕಡೆ ಕಪ್ಪು ಕಲೆ ಬೀಳುತ್ತದೆ. ಇಲ್ಲಿ ಹಾಗಾಗಲು ಬಿಡುತ್ತಿರಲಿಲ್ಲ. ಉರಿ ಮತ್ತು ಹೊಗೆ ಸುಟ್ಟ ಮಣ್ಣಿನ ಕೊಳವೆಗಳೊಳಗೆ ಹಾದು ಹೊರಬೀಳುತ್ತಿದ್ದವು. ಪಾತ್ರೆಗಳಿಗೆ ತಗುಲುತ್ತಿದ್ದುದು ಕೊಳವೆಗಳ ಕಾವು ಮಾತ್ರ. ಬಲು ನುಣುಪಾದ ಜೇಡಿಯ ತೆಳುಲೇಪದಲ್ಲಿರುವ ಕಬ್ಬಿಣದ ಅಂಶವು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಆಮ್ಲಜನಕ ಧಾರಾಳವಾಗಿ ಸಿಗುವ ಗಾಳಿಯಲ್ಲಿ ಬೆಂದು ಕೆಂಪಾಗುತ್ತಿತ್ತು, ಲೇಪವು ಗಟ್ಟಿಯಾಗಿ ಹೊಳಪು ಪಡೆಯುತ್ತಿತ್ತು. ಆ ಬಣ್ಣಕ್ಕೆ ಮಣ್ಣಿನಷ್ಟೇ ಗೂಡಿನ ರಚನೆಯೂ ಕಾರಣ ಎಂಬುದನ್ನು ಗಮನಿಸಬೇಕು.

ಇಷ್ಟು ದೊಡ್ಡ ಗೂಡನ್ನು ಒಬ್ಬ ಕುಂಬಾರ ತುಂಬಿಸಲಾರ. ಹಲವರ ಪಾತ್ರೆಗಳನ್ನು ಒಂದೇ ಸುಡುವಿಕೆಗೆ ಇಟ್ಟರೆ ಯಾರದು ಎಷ್ಟು ಎಂಬ ಲೆಕ್ಕ ಬೇಕೇ ಬೇಕು. ಆ ಲೆಕ್ಕವೇ ನಮಗೆ ಸಿಕ್ಕಿದೆ, ಈ ನೆಲೆಯ ನಿಜವಾದ ಸಂಪತ್ತು ಅದೇ ಎಂದು ನನ್ನ ಎಣಿಕೆ. ಹಸಿ ತಟ್ಟೆಯ ಮೇಲೆ ಮೊನೆಯಿಂದ ಗೀಚಿ, ಉಳಿದ ಪಾತ್ರೆಗಳೊಂದಿಗೆ ಸುಟ್ಟ ಇಂತಹ ಪಟ್ಟಿಗಳು ನೂರಕ್ಕೂ ಹೆಚ್ಚು ದೊರೆತಿವೆ. ಮೇಲ್ಗಡೆ ಅದು ಎಷ್ಟನೆಯ ಸುಡುವಿಕೆ ಎಂಬುದು. ಕೆಳಗೆ ಸಾಲುಸಾಲಾಗಿ ಕಾಸ್ಟಸ್, ಅಲ್ಬಾನೋಸ್ ಮುಂತಾದ ಕುಂಬಾರರ ಹೆಸರು, ಪಾತ್ರೆಯ ಬಗೆ, ಸಂಖ್ಯೆ. ಒಂದೊಂದು ಪಟ್ಟಿಯ ಮೊತ್ತ 30,000 ಪಾತ್ರೆಗಳ ಆಸುಪಾಸಿಗೆ ಹೋಗುತ್ತದೆ. ಬರಹದಲ್ಲಿ ಲ್ಯಾಟಿನ್ ಮತ್ತು ಆ ನಾಡಿನ ಸ್ಥಳೀಯ ಭಾಷೆಯಾಗಿದ್ದ ಗಾಲಿಷ್ ಬೆರೆತಿವೆ; ಗಾಲಿಷ್ ಭಾಷೆಯ ಕ್ರಮಸಂಖ್ಯೆಗಳನ್ನು ಇಂದಿನ ವಿದ್ವಾಂಸರು ಅರಿತದ್ದು ಬಹುಪಾಲು ಈ ಕುಂಬಾರರ ಗೀಚುಬರಹದಿಂದಲೇ.

ಸುಡುವಾಗ ಕೆಟ್ಟದ್ದೆಲ್ಲ ಗುಂಡಿ ಸೇರುತ್ತಿತ್ತು. ಕಾವು ಮಿತಿಮೀರಿ ಒಂದಕ್ಕೊಂದು ಅಂಟಿ ಸೊಟ್ಟಗಾದ ಬಟ್ಟಲುಗಳ ಅಡುಕು, ಸೀಳಿದ ತಟ್ಟೆ, ಕುಂಬಾರರ ಮುದ್ರೆಯಿರುವ ಬೋಕಿಗಳು ಅಂತಹ ಗುಂಡಿಗಳಲ್ಲಿ ಸಿಗುತ್ತವೆ. ಒಂದೇ ಗುಂಡಿಗೆ ಒಟ್ಟಿಗೆ ಎಸೆದ ಮುದ್ರೆಗಳು ಸಮಕಾಲೀನವೆಂದು ಹೇಳಬಹುದು; ಆದ್ದರಿಂದ ಮಾರಾಟವಾಗಿ ದೂರ ಹೋದ ಪಾತ್ರೆಗಿಂತ ಕೆಟ್ಟು ಇಲ್ಲೇ ಉಳಿದ ಪಾತ್ರೆಯೇ ನಮಗೆ ಹೆಚ್ಚು ಉಪಯುಕ್ತ. ಇನ್ನೊಂದು ಬಗೆಯ ಕಾಲಸೂಚನೆ ಇಟಲಿಯ ಪಾಂಪೆ ಪಟ್ಟಣದಲ್ಲಿದೆ. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಡಿ, ಬಿಚ್ಚದೆಯೇ ಉಳಿದಿದ್ದ ಒಂದು ಪೆಟ್ಟಿಗೆಯಲ್ಲಿ ದಕ್ಷಿಣ ಗಾಲ್‌ನ (ಇಂದಿನ ದಕ್ಷಿಣ ಫ್ರಾನ್ಸಿನ) ಸುಮಾರು 90 ಬಟ್ಟಲುಗಳಿದ್ದವು. ಆಗಷ್ಟೇ ಬಂದಿಳಿದಿದ್ದ ಆ ಸರಕಿನ ಮುದ್ರೆ ಮತ್ತು ಅಲಂಕಾರಗಳು ಬೇರೆಡೆ ಕಂಡರೆ ಕಾಲವನ್ನು 79ರ ಸುತ್ತಮುತ್ತ ಇಡಬಹುದು.

ಕರ್ನಾಟಕದ ಪುರಾತತ್ವವನ್ನು ಓದುವವರಿಗೆ ಈ ತರ್ಕ ಹೊಸದಲ್ಲ. ಇದೇ ಜಾತಿಯ, ಇಟಲಿಯ ಅರೆಝೋದ ಹೆಸರು ಹೊತ್ತ ಕೆಂಪು ಪಾತ್ರೆಗಳ ಚೂರುಗಳು ಪುದುಚೇರಿಯ ಅರಿಕಮೇಡುವಿನಲ್ಲಿ ಸಿಕ್ಕಿದವು. 1945ರಲ್ಲಿ ಅಲ್ಲಿ ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಜೊತೆಯಲ್ಲಿ ದೊರೆತ ಸ್ಥಳೀಯ ಪಾತ್ರೆಗಳ ಕಾಲವನ್ನು ಅವುಗಳ ಆಧಾರದ ಮೇಲೆ ನಿರ್ಧರಿಸಿ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳ ಸ್ತರಗಳಿಗೆ ಕಾಲ ನಿರ್ಣಯಿಸುವಾಗ ಆ ಸ್ಥಳೀಯ ಪಾತ್ರೆಗಳನ್ನೇ ಬಳಸಿಕೊಂಡರು.