ಕೇಳುವುದು ಅರೆಕಾಲು ವಾಟ್, ಕೊಳ್ಳುವುದು ನೂರು

ನನ್ನ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಒಂದು ಸಂಜೆ ಅರ್ಧ ಮೂಕವಾಯಿತು. ಎಡಗಡೆ ಸ್ಪೀಕರ್‌ನಲ್ಲಿ ಸದ್ದಿಲ್ಲ. ವೈರುಗಳನ್ನು ಎಡಬಲ ಅದಲುಬದಲು ಮಾಡಿ ನೋಡಿದೆ. ಈಗ ಬಲಗಡೆಯದು ಮೂಕ. ಅಲ್ಲಿಗೆ ತಪ್ಪು ಸ್ಪೀಕರ್‌ದಲ್ಲ, ಆಂಪ್‌ದೇ ಎಂದು ಖಾತ್ರಿಯಾಯಿತು. ಗೆಳೆಯನ ಸಲಹೆ ತಯಾರಾಗಿಯೇ ಇತ್ತು: "ಇದು 50 ವಾಟಿಂದು ಅಲ್ವಾ? ಈ ಸಲ 100 ವಾಟಿಂದು ತಗೋ. ಎರಡು ಪಟ್ಟು ಜೋರಾಗಿ ಕೇಳ್ಬಹುದು."

ವಾದ ಮಾಡಲಿಲ್ಲ. ಇನ್ನೂ ಜೀವವಿದ್ದ ಬಲ ಚಾನಲ್‌ಗೆ ಮಲ್ಟಿಮೀಟರ್ ಹಚ್ಚಿ, ದಿನಾ ಕೇಳುವಷ್ಟೇ ವಾಲ್ಯೂಮ್ ಇಟ್ಟೆ. ಮುಳ್ಳು 1 ವೋಲ್ಟ್ ಆಸುಪಾಸಿನಲ್ಲಿ ಕುಣಿಯಿತು. ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ 8 ಓಮ್. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ. ಬಂದದ್ದು ಎಂಟರಲ್ಲಿ ಒಂದು ಪಾಲು. ಅರೆಕಾಲು ವಾಟ್! ಸಂಗೀತ ಅಳೆಯಲು ಮಲ್ಟಿಮೀಟರ್ ಕರಾರುವಾಕ್ಕಾದ ಸಾಧನವಲ್ಲ, ಒಪ್ಪುತ್ತೇನೆ. ಆದರೆ ಎಷ್ಟೇ ತಪ್ಪಿದರೂ ಅರೆಕಾಲು ಹೋಗಿ ಐವತ್ತಾಗಲ್ಲ.

ಎಡವಟ್ಟು ಇರುವುದು ಕಿವಿಯ ಲೆಕ್ಕದಲ್ಲಿ. ಕಿವಿಗೆ ಕೂಡಲು ಬರಲ್ಲ, ಗುಣಿಸುವುದಷ್ಟೇ ಗೊತ್ತು. ಕತ್ತಲ ಕೋಣೆಯಲ್ಲಿ ಒಂದು ಮೇಣದಬತ್ತಿ ಉರಿಯುವಾಗ ಇನ್ನೊಂದು ಹಚ್ಚಿ, ಬೆಳಕು ಹೆಚ್ಚಿದ್ದು ಥಟ್ಟನೆ ಕಾಣುತ್ತದೆ. ನೂರು ಉರಿಯುವಾಗ ಇನ್ನೊಂದು ಹಚ್ಚಿದರೆ ಕೇಳುವವರಿಲ್ಲ. ಒಂದು ಪುಸ್ತಕ ಹಿಡಿದವನ ಕೈಗೆ ಇನ್ನೊಂದು ಕೊಟ್ಟರೆ ಭಾರ ಗೊತ್ತಾಗುತ್ತದೆ. ಮೂಟೆ ಹೊತ್ತವನ ಹೆಗಲ ಮೇಲೆ ಅದೇ ಪುಸ್ತಕ ಇಟ್ಟರೆ ಅವನು ತಿರುಗಿಯೂ ನೋಡಲ್ಲ. ಖಾಲಿ ಬಸ್ಸಿಗೆ ಹತ್ತಿದ ಇಬ್ಬರು, ತುಂಬಿದ ಬಸ್ಸಿಗೆ ಹತ್ತಿದ ಇಬ್ಬರು... ಸಾಕು ಬಿಡಿ, ಗೊತ್ತಾಯಿತಲ್ಲ.

ಕಿವಿಗೆ ಬೇರೆ ದಾರಿಯೂ ಇಲ್ಲ. ಕೇಳಿಸುವ ಅತಿ ಸಣ್ಣ ಸದ್ದಿಗೂ ಕಿವಿ ನೋಯಿಸುವ ಸದ್ದಿಗೂ ಶಕ್ತಿಯಲ್ಲಿ ಲಕ್ಷ ಕೋಟಿ ಪಟ್ಟು ಅಂತರ. ಇಷ್ಟು ಉದ್ದದ ಏಣಿಯನ್ನು ಒಂದೊಂದೇ ಮೆಟ್ಟಿಲು ಎಣಿಸಿ ಹತ್ತಲು ಆಗುತ್ತದೆಯೇ? ಅದಕ್ಕೇ ಡೆಸಿಬೆಲ್ ಲೆಕ್ಕ: ಶಕ್ತಿ ಹತ್ತು ಪಟ್ಟಾದಾಗಲೆಲ್ಲ 10 ಕೂಡುವ ಅಳತೆ. ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್. ಅಷ್ಟಕ್ಕೆ "ಹೌದು, ಚೂರು ಜೋರಾಯಿತು" ಅನ್ನಿಸುತ್ತದೆ. ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಗೆಳೆಯನ ಆಸೆ ಪೂರೈಸಲು 500 ವಾಟಿನ ಆಂಪ್ ತರಬೇಕಿತ್ತು.

ಹಾಗಂತ ಅರೆಕಾಲು ವಾಟಿನ ಆಂಪ್ ಸಾಕೇ? ಸಾಲದು. ಸಂಗೀತ ಒಂದೇ ಸಮ ಹರಿಯುವ ನಲ್ಲಿ ನೀರಲ್ಲ. ಡ್ರಮ್ಮಿನ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಬಹುದು. ಅದು ನೂರು ಪಟ್ಟು. ಆ ಒಂದು ಚಿಟಿಕೆ ಹೊತ್ತಿಗೆ 12 ವಾಟ್ ಮೀರಿ ಬೇಕು. ಆಂಪ್ ಬಳಿ ಅಷ್ಟಿಲ್ಲದಿದ್ದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ, ಸದ್ದು ಕರ್ಕಶವಾಗುತ್ತದೆ. 50 ವಾಟ್ ಇದ್ದರೆ ಇದಕ್ಕೆಲ್ಲ ಧಾರಾಳ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಜಾಹೀರಾತಿನ ಅಂಕಿ) ಎಂದು ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಓದಿ ನಕ್ಕುಬಿಡಿ. ಎರಡೂ ಚಾನಲ್ ಒಟ್ಟಿಗೆ ದುಡಿಯುವಾಗಿನ ಆರ್‌ಎಂಎಸ್ ವಾಟ್ (ಸತತವಾಗಿ ಕೊಡಬಲ್ಲ ಶಕ್ತಿ) ಮಾತ್ರ ನೋಡಿ.

ವಾಟಿಗಿಂತ ಮೊದಲು ನೋಡಬೇಕಾದ್ದು ಸ್ಪೀಕರ್‌ನ ಕಾಗದ. ಅದರಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂದು. 85 ಡೆಸಿಬೆಲ್‌ನ ಸ್ಪೀಕರ್‌ಗೆ 100 ವಾಟ್ ಕೊಟ್ಟರೆ ಬರುವ ಸದ್ದು 91ರ ಸ್ಪೀಕರ್‌ಗೆ 25 ವಾಟಿನಲ್ಲೇ ಬರುತ್ತದೆ. ಇನ್ನು 8 ಓಮ್ ಎಂದು ಬರೆದದ್ದೂ ನಿಜವಾಗಿ 8 ಅಲ್ಲ. ಅದು ಸ್ವರದ ಜೊತೆ ಏರಿಳಿಯುತ್ತದೆ. ಎಲ್ಲೋ ಒಂದು ಕಡೆ 4ಕ್ಕೂ ಇಳಿಯಬಹುದು. ಆಗ ಆಂಪ್ ಎರಡರಷ್ಟು ಕರೆಂಟ್ ಕೊಡಬೇಕು. ಆದ್ದರಿಂದ ಆಂಪ್ 4 ಓಮ್‌ಗೆ ಎಷ್ಟು ವಾಟ್ ಕೊಡುತ್ತದೆ ಎಂದು ವಿಚಾರಿಸಿ. ಆ ಅಂಕಿಯನ್ನೇ ಬರೆಯದಿದ್ದರೆ ನನಗಂತೂ ಅನುಮಾನ.

"ವಾಟ್ ಬಿಡು, ಧ್ವನಿಯ ಗುಣ?" ಎಂದು ಗೆಳೆಯ ಕೇಳಿದ. ಇದಕ್ಕೆ ಉತ್ತರ ಸಿಕ್ಕಿ ಎಷ್ಟೋ ಕಾಲವಾಯಿತು. 1927ರ ಆಗಸ್ಟ್ 2ರ ಬೆಳಿಗ್ಗೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೊರಟಿದ್ದರು. ದೂರದ ಟೆಲಿಫೋನ್ ಲೈನ್‌ಗಳಲ್ಲಿ ಆಂಪ್ ಮೇಲೆ ಆಂಪ್ ಇರುತ್ತಿತ್ತು. ಒಂದೊಂದೂ ಮಾತನ್ನು ಒಂದಿಷ್ಟು ಕೆಡಿಸುತ್ತಿತ್ತು. ಹೊರಬಂದದ್ದರಲ್ಲಿ ಒಂದು ಪಾಲನ್ನು ವಾಪಸ್ ತಂದು, ಒಳಬರುವ ಸಿಗ್ನಲ್‌ನಿಂದ ಕಳೆದರೆ? ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೇ ಚಿತ್ರ, ಸಮೀಕರಣ ಗೀಚಿದರು. ಸೈಕಲ್ ಹೊಡೆಯುವವನು ಎಡಕ್ಕೆ ವಾಲಿದ ಕೂಡಲೇ ಹ್ಯಾಂಡಲ್ ತಿದ್ದುತ್ತಾನಲ್ಲ, ಹಾಗೆ. ಮಗು ಮೇಲಿನ ಸಾಲು ನೋಡಿ ಕಾಪಿ ಬರೆಯುತ್ತಾ ತಾನು ಬರೆದ ಅಕ್ಷರದ ಮೇಲೂ ಒಂದು ಕಣ್ಣಿಡುವ ಹಾಗೆ. ಆಂಪ್ ತನ್ನ ತಪ್ಪನ್ನು ತಾನೇ ನೋಡಿ ತಿದ್ದಿಕೊಳ್ಳುತ್ತದೆ. ಕಷ್ಟಪಟ್ಟು ಹೆಚ್ಚಿಸಿದ ಸಿಗ್ನಲ್‌ನ ಬಹುಪಾಲನ್ನು ಬೇಕೆಂದೇ ಕಳೆದುಕೊಳ್ಳುವುದು ಆಗಿನವರಿಗೆ ಹುಚ್ಚಾಟವಾಗಿ ಕಂಡಿತು. ಬ್ರಿಟನ್ನಿನ ಪೇಟೆಂಟ್ ಕಚೇರಿ ಅದನ್ನು ತನ್ನಷ್ಟಕ್ಕೆ ಸದಾ ತಿರುಗುವ ಯಂತ್ರದ ಅರ್ಜಿಯಂತೆ ನೋಡಿತಂತೆ. ಅಮೆರಿಕದ ಪೇಟೆಂಟ್ ಕೈಸೇರಿದ್ದು 1937ರಲ್ಲಿ.

ಇವತ್ತಿನ ಟ್ರಾನ್ಸಿಸ್ಟರ್ ಆಂಪ್‌ಗಳು ಬಹುತೇಕ ಈ ಉಪಾಯವನ್ನೇ ನೆಚ್ಚಿಕೊಂಡಿವೆ. ಸರಿಯಾಗಿ ಮಾಡಿದ ಎರಡು ಆಂಪ್‌ಗಳನ್ನು ಶಕ್ತಿಯ ಮಿತಿಯೊಳಗೆ, ಒಂದೇ ಮಟ್ಟದ ಸದ್ದಿನಲ್ಲಿ, ಹೆಸರು ಮುಚ್ಚಿ ಕೇಳಿಸಿದರೆ ಬೇರೆ ಬೇರೆ ಎಂದು ಗುರುತಿಸುವುದು ಬಲು ಕಷ್ಟ. "ಒಂದೇ ಮಟ್ಟದ ಸದ್ದು" ಎಂಬಲ್ಲೇ ಕಿತಾಪತಿ ಇದೆ. ಒಂದು ಆಂಪ್ ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೆ ಅದು ಜೋರಾಗಿದೆ ಅನ್ನಿಸಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಸದ್ದು ಕಡಿಮೆಯಾದಷ್ಟೂ ಕಿವಿ ಕೆಳಸ್ವರಗಳನ್ನು ಬೇಗ ಕಳೆದುಕೊಳ್ಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಅದಕ್ಕೇ ತುಸು ಜೋರಿರುವುದು ತುಂಬಿಕೊಂಡಂತೆ ಕೇಳಿಸುತ್ತದೆ. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್‌ನ ಮಾತು ಬೇರೆ. ಸ್ಪೀಕರ್‌ನ ಓಮ್ ಏರಿಳಿದಂತೆ ಅದರ ಸ್ವರದ ಬಣ್ಣವೂ ಬದಲಾಗಬಹುದು. ಅದು ಇಷ್ಟವಾದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಗೋಡೆಯಿಂದ ಬರುವ ಕರೆಂಟ್ ವೈರ್ ಬದಲಿಸಿ ದಪ್ಪದ್ದು ಹಾಕಿದರೆ ವೀಣೆ ಹೊಳೆಯುತ್ತದೆ ಅನ್ನುವವರ ಜೊತೆ ಕೂತು ಹಾಡು ಕೇಳಬಹುದು, ಮಾತಾಡಲಾಗದು.

ಕೊನೆಗೆ ತಂದದ್ದು 60 ವಾಟಿನ ಡಿ ಕ್ಲಾಸ್ ಆಂಪ್. ಡಿ ಅಂದರೆ ಡಿಜಿಟಲ್ ಅಲ್ಲ, ಎ, ಬಿ, ಸಿ ಆದಮೇಲೆ ಬರುವ ಡಿ, ಅಷ್ಟೇ. ಕರೆಂಟನ್ನು ಸುಮ್ನೆ ಬಿಸಿಯಾಗಿ ಕಳೆಯಲ್ಲ, ಮುಚ್ಚಿದ ಕಪಾಟಿನಲ್ಲಿಡುವ ನನಗೆ ಅದೇ ಮುಖ್ಯವಾಗಿತ್ತು. ಗೆಳೆಯ ಬಂದು ಕೂತ. ಮೀಟರ್ ಮತ್ತೆ ಹಚ್ಚಿದ್ದೆ. "ಇನ್ನೂ ಜೋರು ಇಡು" ಅಂದ. ಇಟ್ಟೆ. "ಇನ್ನೂ." ಮುಳ್ಳು 3 ವೋಲ್ಟ್ ಮುಟ್ಟಿತು, ಅಂದರೆ ಒಂದು ವಾಟಿಗಿಂತ ತುಸು ಜಾಸ್ತಿ. ಒಳಗಿನ ಕೋಣೆಯಿಂದ ಯಾರೋ ಬಾಗಿಲು ಹಾಕಿಕೊಂಡರು. "ಸಾಕು ಮಾರಾಯ, ಕಡಿಮೆ ಮಾಡು" ಅಂದ.