ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7 ಅಂತಾರಲ್ಲ, ನಿಜಾನಾ?

ಪ್ರಶ್ನೆ: ನಾವು ಹೇಳುವುದರಲ್ಲಿ ಪದಗಳ ಪಾಲು ಶೇ. 7 ಮಾತ್ರ, ದನಿಯದ್ದು 38, ಹಾವಭಾವದ್ದು 55 ಅಂತ ಓದಿದೆ. ಹಾಗಾದರೆ ಭಾಷೆ ಇರುವುದಾದರೂ ಯಾಕೆ?

ಉತ್ತರ: ನಿಜ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಇಲ್ಲ. ಸಂದರ್ಶನಕ್ಕೆ ತಯಾರು ಮಾಡುವವರು, ಭಾಷಣ ಕಲಿಸುವವರು ಈ ಮೂರು ಅಂಕಿಗಳನ್ನು ಹೇಳುತ್ತಲೇ ಇರುತ್ತಾರೆ. ಅವು ಎಲ್ಲಿಂದ ಬಂದವು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಈ ಸಲ ಬೇರಿನಿಂದಲೇ ಹೇಳುತ್ತೇನೆ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ತಮ್ಮ ಜೊತೆಗಾರರೊಂದಿಗೆ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಮೊದಲನೆಯದರಲ್ಲಿ ಇದ್ದದ್ದು ಒಂಬತ್ತು ಬಿಡಿ ಪದಗಳು. ‘ಥ್ಯಾಂಕ್ಸ್’, ‘ಮೇಬಿ’, ‘ಟೆರಿಬಲ್’ ಇಂಥವು. ವಾಕ್ಯ ಇಲ್ಲ, ಸಂದರ್ಭ ಇಲ್ಲ. ಅವನ್ನು ಬೇರೆ ಬೇರೆ ದನಿಯಲ್ಲಿ ರೆಕಾರ್ಡ್ ಮಾಡಿ ಕೇಳಿಸಿ, ಹೇಳಿದವರ ಮನಸ್ಸಿನಲ್ಲಿ ಇಷ್ಟ ಇದೆಯಾ ಇಲ್ವಾ ಅಂತ ಊಹಿಸಲು ಹೇಳಿದರು. ಎರಡನೆಯದರಲ್ಲಿ ಇದ್ದದ್ದು ಒಂದೇ ಪದ, ‘ಮೇಬಿ’. ಜೊತೆಗೆ ಮುಖಗಳ ಫೋಟೊ. ಪದ, ದನಿ, ಮುಖ ಮೂರನ್ನೂ ಒಟ್ಟಿಗೆ ಅಳೆದೇ ಇಲ್ಲ. ಎರಡು ಪ್ರಯೋಗಗಳ ಫಲಿತಾಂಶ ಜೋಡಿಸಿ ಸೂತ್ರ ಮಾಡಿದ್ದು ಅಷ್ಟೇ. ಆ 55 ಕೂಡ ಬರೀ ಮುಖದ್ದು. ಕೈಸನ್ನೆ, ನಿಲುವು, ನಡಿಗೆ ಯಾವುದೂ ಅದರಲ್ಲಿಲ್ಲ. ಇಷ್ಟ-ಅನಿಷ್ಟದಂಥ ಭಾವನೆಯ ಮಾತಿಗೆ ಬಿಟ್ಟು ಬೇರೆಲ್ಲೂ ಈ ಸೂತ್ರ ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ನಾನು ತರಗತಿಯಲ್ಲಿ ಒಂದು ಆಟ ಆಡಿಸುತ್ತೇನೆ. ಒಂದು ಚೀಟಿಯಲ್ಲಿ ‘ಅಕ್ಕ ನಿನ್ನೆ ಬಂದಿದ್ದರೆ ನಾನು ಬೀಗ ಹಾಕುತ್ತಿರಲಿಲ್ಲ’ ಅಂತ ಬರೆದು ಒಬ್ಬರ ಕೈಗೆ ಕೊಡುತ್ತೇನೆ. ಬಾಯಿ ಬಿಡದೆ ಹೇಳಬೇಕು. ಬೀಗ ಬೇಗ ಗೊತ್ತಾಗುತ್ತದೆ. ಯಾರೋ ಬಂದರು ಅನ್ನುವುದೂ ಗೊತ್ತಾಗುತ್ತದೆ. ‘ಬಂದಿದ್ದರೆ’ ಮಾತ್ರ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಆ ಒಂದು ಪದವನ್ನು ಬಿಡಿಸಿ ನೋಡಿ. ಬರುವುದು ಅನ್ನುವ ಕೆಲಸ ಇದೆ, ಆ ಹೊತ್ತು ಕಳೆದುಹೋಗಿದೆ, ಅವಳು ಬರಲಿಲ್ಲ, ಬರುತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಇಷ್ಟನ್ನು ಯಾವ ಹುಬ್ಬು ಹೇಳೀತು? ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಕಿವುಡರ ಸನ್ನೆ ಭಾಷೆಯಲ್ಲಿ ಇದನ್ನೆಲ್ಲ ಹೇಳಬಹುದಲ್ಲ ಅನ್ನುತ್ತೀರಾ? ಖಂಡಿತ ಹೇಳಬಹುದು. ಯಾಕಂದರೆ ಅದು ಹಾವಭಾವ ಅಲ್ಲ, ತನ್ನದೇ ಪದ, ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ.

ದನಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ‘ಆಯ್ತು’ ಅನ್ನುವುದನ್ನು ಒಪ್ಪಿಗೆಯಾಗಿಯೂ ಹೇಳಬಹುದು, ಮುನಿಸಿನಲ್ಲೂ ಹೇಳಬಹುದು. ಅಲ್ಲಿ ದನಿಯೇ ಎಲ್ಲ. ಆದರೆ ಮಾತಿಗೆ ಇರುವುದು ಒಂದೇ ಕೆಲಸ ಅಲ್ಲ. ಭಾಷಾಶಾಸ್ತ್ರಜ್ಞ ರೋಮನ್ ಯಾಕೊಬ್ಸನ್ 1960ರಲ್ಲಿ ಆರು ಕೆಲಸ ಗುರುತಿಸಿದರು. ವಿಷಯ ತಿಳಿಸುವುದು, ಮನಸ್ಸು ತೋಡಿಕೊಳ್ಳುವುದು, ಕೇಳುವವರಿಂದ ಏನಾದರೂ ಮಾಡಿಸುವುದು, ‘ಹಲೋ, ಕೇಳಿಸ್ತಿದೆಯಾ?’ ಅಂತ ಸಂಪರ್ಕ ಉಳಿಸಿಕೊಳ್ಳುವುದು, ಪದದ ಬಗ್ಗೆಯೇ ಮಾತಾಡುವುದು, ಮಾತಿನ ಸೊಗಸನ್ನೇ ಸವಿಯುವುದು. ಯಾವ ಕೆಲಸ ಅಂತ ಹೇಳದೆ ಶೇಕಡಾ ಎಷ್ಟು ಅಂತ ಕೇಳುವುದಕ್ಕೆ ಅರ್ಥವೇ ಇಲ್ಲ.

ಇಲ್ಲಿವರೆಗೆ ಬಂದಮೇಲೆ ನೀವು ಕೇಳದ ಇನ್ನೊಂದು ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ಮನಸ್ಸಿಲ್ಲದೆ ಕೊಟ್ಟ ಮಾತು, ಮಾತು ಕೊಟ್ಟ ಹಾಗೆ ಆಗುತ್ತದಾ? ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ‘ಮಾತು ಕೊಡ್ತೀನಿ’ ಅನ್ನುವುದು ಯಾವುದನ್ನೋ ವರ್ಣಿಸುವ ವಾಕ್ಯ ಅಲ್ಲ. ಅದನ್ನು ಹೇಳುವುದೇ ಮಾತು ಕೊಡುವುದು. ಅಧಿಕಾರ ಇಲ್ಲದವನು ಬಂದು ಹಡಗಿಗೆ ಹೆಸರಿಟ್ಟರೆ ಆ ಹೆಸರು ನಿಲ್ಲುವುದಿಲ್ಲ, ಆ ಕೆಲಸ ನಡೆದೇ ಇಲ್ಲ. ಆದರೆ ನಡೆಸಿಕೊಡುವ ಮನಸ್ಸಿಲ್ಲದೆ ಮಾತು ಕೊಟ್ಟವನು ಮೋಸ ಮಾಡಿದ್ದಾನೆ ನಿಜ, ಆದರೂ ಮಾತು ಕೊಟ್ಟದ್ದಂತೂ ಹೌದು. ಯಾರೋ ನಿಮಗೆ ‘ನಾಳೆ ದುಡ್ಡು ಕೊಡ್ತೀನಿ’ ಅಂತ ಮೆಸೇಜ್ ಕಳಿಸಿದ್ದಾರೆ ಅಂದುಕೊಳ್ಳಿ. ಅದರಲ್ಲಿ ದನಿ ಇಲ್ಲ, ಮುಖ ಇಲ್ಲ, ಅವರ ಮನಸ್ಸಿನಲ್ಲಿ ಏನಿತ್ತೋ ಗೊತ್ತಿಲ್ಲ. ನಾಳೆ ನೀವು ಅದನ್ನೇ ತೋರಿಸಿ ದುಡ್ಡು ಕೇಳಬಹುದು.